ಲಾ ತ್ರಾಪ್ ಮಠದ ಸುಧಾರಕ ಆರ್ಮಾನ್ ದ ರಾನ್ಸೆ (1626-1700)

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಹಿರಿಯರನ್ನು ನೆನೆಯುವುದು ಸಹಜ. ನೆಲ ಕೊಟ್ಟವರು, ಕಲ್ಲು ಹೊತ್ತವರು, ಮೊದಲ ಜ್ಞಾನಸ್ನಾನಗಳನ್ನು ನೆರವೇರಿಸಿದ ಗುರುಗಳು, ಎಣ್ಣೆಯಿಲ್ಲದ ದಿನಗಳಲ್ಲಿಯೂ ದೀಪ ಆರದಂತೆ ಕಾಯ್ದ ತಾಯಂದಿರು, ಇವರೆಲ್ಲರ ಋಣ ನಮ್ಮ ಮೇಲಿದೆ. ನಾವು ಬಿತ್ತದ ಬೆಳೆಯನ್ನು ನಾವು ಉಣ್ಣುತ್ತಿದ್ದೇವೆ. ಹಾಗೆ ಹಿರಿಯರಿಂದ ಬಂದ ದೇವರ ಆಸ್ತಿಯನ್ನು ಅನುಭವಿಸುವುದು ಒಂದು ಬಗೆ. ಆ ಆಸ್ತಿಗೆ ತನ್ನನ್ನೇ ಒಪ್ಪಿಸಿಕೊಳ್ಳುವುದು ಇನ್ನೊಂದು ಬಗೆ. ಈ ಎರಡನ್ನೂ ಒಂದೇ ಜೀವಮಾನದಲ್ಲಿ ಬಾಳಿ ತೋರಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಪ್ರಿಯ ವಾಚಕರ ಮುಂದೆ ಇರಿಸಬಯಸುತ್ತೇವೆ. ಅವರೇ ಫ್ರಾನ್ಸ್ ದೇಶದ ಲಾ ತ್ರಾಪ್ ಮಠದ ಅಧಿಪತಿ ಆರ್ಮಾನ್ ಜಾನ್ ಲ ಬುತಿಲಿಯೆ ದ ರಾನ್ಸೆ. ಇಂದು ಜಗತ್ತಿನಾದ್ಯಂತ ಟ್ರ್ಯಾಪಿಸ್ಟರೆಂದು ಹೆಸರಾದ ಮೌನ ಸನ್ಯಾಸಿಗಳ ಸಭೆಗೆ ಆ ಹೆಸರು ಬಂದದ್ದು ಈ ಮಠದಿಂದ.

ಮಠದ ಪೂರ್ವೇತಿಹಾಸ

ಪಶ್ಚಿಮ ದೇಶಗಳ ಸನ್ಯಾಸ ಜೀವನಕ್ಕೆ ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ನಿಯಮಾವಳಿಯೇ ತಳಹದಿ. ಪ್ರಾರ್ಥನೆ, ಪವಿತ್ರ ವಾಚನ, ಕೈಗೆಲಸ ಈ ಮೂರನ್ನೂ ದಿನದ ಗಂಟೆಗಳಿಗೆ ಹದವಾಗಿ ಹಂಚಿಕೊಟ್ಟದ್ದು ಆ ನಿಯಮಾವಳಿಯ ಹಿರಿಮೆ. ಕಾಲ ಸರಿದಂತೆ ಮಠಗಳು ಶ್ರೀಮಂತವಾದವು, ನಿಯಮ ಸಡಿಲವಾಯಿತು. ಆಗ 1098ರಲ್ಲಿ ಸಂತ ರಾಬರ್ಟರು ಕೆಲವು ಸಂಗಡಿಗರೊಡನೆ ತಮ್ಮ ಹಳೆಯ ಮಠವನ್ನು ಬಿಟ್ಟು ಸಿತೋ ಎಂಬ ಕಾಡುನೆಲಕ್ಕೆ ಹೋಗಿ, ಮೂಲ ನಿಯಮವನ್ನು ಅಕ್ಷರಶಃ ಪಾಲಿಸುವ ಹೊಸ ಮಠವನ್ನು ಕಟ್ಟಿದರು. ಅವರ ನಂತರ ಸಂತ ಅಲ್ಬೆರಿಕ್ ಮತ್ತು ಸಂತ ಸ್ಟೀಫನ್ ಹಾರ್ಡಿಂಗ್ ಅದನ್ನು ನಡೆಸಿದರು. ಸಂತ ಬರ್ನಾರ್ಡರಿಂದ ಅದು ಯೂರೋಪಿನಾದ್ಯಂತ ಹರಡಿತು. ಇದೇ ಸಿಸ್ಟರ್ಶಿಯನ್ ಸಭೆ.

ಲಾ ತ್ರಾಪ್ ಈ ಸಭೆಯ ಒಂದು ಶಾಖಾಮಠ. ಉತ್ತರ ಫ್ರಾನ್ಸಿನ ನಾರ್ಮಂಡಿಯ ಅಂಚಿನಲ್ಲಿ, ಪೆರ್ಶ್ ಎಂಬ ಸೀಮೆಯ ದೊರೆ ರೊತ್ರು ಎಂಬಾತನು ಹಡಗು ಮುಳುಗಿ ತೀರಿಕೊಂಡ ತನ್ನ ಪತ್ನಿಯ ನೆನಪಿಗಾಗಿ 1122ರಲ್ಲಿ ಅಲ್ಲಿ ಒಂದು ಪ್ರಾರ್ಥನಾಲಯವನ್ನು ಕಟ್ಟಿಸಿದನು. 1140ರಲ್ಲಿ ಅಲ್ಲಿಗೆ ಸನ್ಯಾಸಿಗಳು ಬಂದರು. 1147ರಲ್ಲಿ ಮಠವು ಸಿತೋದ ಪರಿವಾರಕ್ಕೆ ಸೇರಿತು. ಸುತ್ತಲೂ ದಟ್ಟ ಕಾಡು, ತಗ್ಗಿನಲ್ಲಿ ನಿಂತ ಕೆರೆಗಳು, ವರ್ಷದ ಬಹುಭಾಗ ಮಂಜು. ಕುಷ್ಟಗಿ, ಯಲಬುರ್ಗಾಗಳ ಹೊಲಗಳಲ್ಲಿ ಮುಗಿಲು ನೋಡುತ್ತ ನಿಲ್ಲುವ ನಮ್ಮ ಜನರಿಗೆ ನೀರೇ ಕಂಟಕವಾಗುವ ನೆಲವನ್ನು ಊಹಿಸುವುದು ಕಷ್ಟ. ಆದರೆ ಆ ತಗ್ಗಿನ ಥಂಡಿಯು ಎಷ್ಟೋ ಸನ್ಯಾಸಿಗಳ ಎದೆಯನ್ನು ಹೊಕ್ಕು ಪ್ರಾಣ ತೆಗೆದದ್ದನ್ನು ಮುಂದೆ ಕಾಣಲಿದ್ದೇವೆ.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಈ ಮಠ ಸುಲಿಗೆಗೊಳಗಾಯಿತು. ಅದಕ್ಕಿಂತ ದೊಡ್ಡ ಸುಲಿಗೆಯೆಂದರೆ ಮುಂದೆ ಬಂದ ವ್ಯವಸ್ಥೆ. 1516ರಲ್ಲಿ ಪೋಪ್ ಜಗದ್ಗುರುಗಳಿಗೂ ಫ್ರಾನ್ಸಿನ ಅರಸನಿಗೂ ಆದ ಒಪ್ಪಂದದ ಮೇರೆಗೆ ಮಠಾಧಿಪತಿಗಳನ್ನು ಹೆಸರಿಸುವ ಹಕ್ಕು ಅರಸನ ಕೈಸೇರಿತು. ಅರಸನು ತನ್ನ ಕೃಪಾಪಾತ್ರರಿಗೆ ಮಠಗಳನ್ನು ದಯಪಾಲಿಸತೊಡಗಿದನು. ಹಾಗೆ ಪಡೆದವನು ಸನ್ಯಾಸಿಯಾಗಿರಬೇಕಿಲ್ಲ, ಮಠದಲ್ಲಿ ವಾಸಿಸಬೇಕಿಲ್ಲ. ಮಠದ ಉತ್ಪನ್ನದ ದೊಡ್ಡ ಪಾಲು ಮಾತ್ರ ಅವನದು. ಈ ಏರ್ಪಾಡು ನಮ್ಮ ಭಾಗದ ಹಿರಿಯರಿಗೆ ಬೇಗ ಅರ್ಥವಾದೀತು. ಕೊಪ್ಪಳ ಸೀಮೆಯು ನಿಜಾಮರ ಕಾಲದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿತ್ತು. ಜಹಗೀರು ಎಂದರೇನು, ದುಡಿಯುವ ನೆಲ ಒಂದೆಡೆ, ಉಣ್ಣುವ ಮನೆ ಇನ್ನೊಂದೆಡೆ ಇರುವುದೆಂದರೇನು ಎಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಫ್ರಾನ್ಸಿನ ನೂರಾರು ಮಠಗಳು ಹೀಗೆ ಒಂದು ಬಗೆಯ ಜಹಗೀರುಗಳಾದವು. ಗೋಡೆ ಕುಸಿದರೆ ಕಟ್ಟಿಸುವವರಿಲ್ಲ, ನಿಯಮ ಕುಸಿದರೆ ಕೇಳುವವರಿಲ್ಲ.

ಬಾಲ್ಯ ಮತ್ತು ಸಿರಿ

ಆರ್ಮಾನರು 1626ರ ಜನವರಿ 9ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ರಾಜಮಾತೆ ಮರಿಯ ದ ಮೆದಿಚಿಯವರ ಕಾರ್ಯದರ್ಶಿ. ಹತ್ತಿರದ ಬಂಧುಗಳಲ್ಲಿ ಮಂತ್ರಿಗಳೂ ಧರ್ಮಾಧ್ಯಕ್ಷರೂ ಇದ್ದರು. ಜ್ಞಾನಪಿತೃವಾಗಿ ನಿಂತವರು ಆ ಕಾಲದ ಫ್ರಾನ್ಸಿನ ಸರ್ವಶಕ್ತ ಪ್ರಧಾನಿ ಕಾರ್ಡಿನಲ್ ರಿಶ್ಲಿಯು. ಮಗುವಿಗೆ ಇಟ್ಟ ಹೆಸರೂ ಅವರದೇ. ಮನೆತನದ ಲೆಕ್ಕಾಚಾರದಂತೆ ಹಿರಿಯ ಮಗನು ಧರ್ಮಸಭೆಯ ಸೇವೆಗೆ, ಕಿರಿಯನಾದ ಆರ್ಮಾನ್ ಬೇರೆ ಉದ್ಯೋಗಕ್ಕೆ ಎಂದು ನಿಶ್ಚಯವಾಗಿತ್ತು. ಆದರೆ 1637ರಲ್ಲಿ ಹಿರಿಯ ಮಗ ತೀರಿಕೊಂಡನು. ಅವನಿಗೆ ಸೇರಿದ್ದ ಧಾರ್ಮಿಕ ವರಮಾನಗಳು ಕುಟುಂಬದ ಕೈತಪ್ಪಬಾರದೆಂದು ತಂದೆಯು ಅವನ್ನೆಲ್ಲ ಕಿರಿಯವನ ಹೆಸರಿಗೆ ಮಾಡಿಸಿದರು. ಹೀಗೆ ಹನ್ನೊಂದು ವರ್ಷದ ಬಾಲಕನೊಬ್ಬನು ಹಲವು ಮಠಗಳ ಒಡೆಯನೂ ಪ್ಯಾರಿಸ್ ಪ್ರಧಾನಾಲಯದ ಕ್ಯಾನನ್ನನೂ ಆದನು. ಆ ಮಠಗಳಲ್ಲಿ ಲಾ ತ್ರಾಪ್ ಒಂದು. ಅದರ ಮುಖವನ್ನು ಅವನು ಕಂಡಿರಲಿಲ್ಲ.

ಬಾಲಕನ ಬುದ್ಧಿ ಅಸಾಧಾರಣವಾಗಿತ್ತು. 1639ರಲ್ಲಿ ಪ್ರಾಚೀನ ಗ್ರೀಕ್ ಕವಿ ಅನಾಕ್ರಿಯೋನನ ಕವಿತೆಗಳನ್ನು ಗ್ರೀಕ್ ಟಿಪ್ಪಣಿಗಳೊಡನೆ ಪ್ರಕಟಿಸಿ ಕಾರ್ಡಿನಲ್ ರಿಶ್ಲಿಯುಗೆ ಅರ್ಪಿಸಿದನು. ಮದ್ಯ ಮತ್ತು ಪ್ರೇಮಗಳ ಕವಿಯನ್ನು ಸಂಪಾದಿಸಿದ ಕೈಯೇ ಮುಂದೆ ನೀರಸ ಗೆಡ್ಡೆಗೆಣಸುಗಳ ಊಟದ ನಿಯಮವನ್ನು ಬರೆಯಿತೆಂಬುದು ದೈವಲೀಲೆಯೇ ಸರಿ. ದೈವಶಾಸ್ತ್ರದ ಪರೀಕ್ಷೆಯಲ್ಲಿ ಆರ್ಮಾನರು ಮೊದಲಿಗರಾಗಿ ನಿಂತರು. ಅವರ ಹಿಂದೆ ಉಳಿದ ಸಹಪಾಠಿಗಳಲ್ಲಿ ಮುಂದೆ ಮಹಾ ಪ್ರವಚನಕಾರರೆಂದು ಪ್ರಸಿದ್ಧರಾದ ಧರ್ಮಾಧ್ಯಕ್ಷ ಬೊಸ್ಸುವೆಯವರೂ ಇದ್ದರು. 1651ರಲ್ಲಿ ತೂರ್ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಚಿಕ್ಕಪ್ಪನಿಂದಲೇ ಗುರುದೀಕ್ಷೆ ಪಡೆದರು. 1654ರಲ್ಲಿ ಡಾಕ್ಟರ್ ಪದವಿ ದೊರೆಯಿತು.

ಗುರುದೀಕ್ಷೆ ದೊರೆತರೂ ಗುರುತನ ದೊರೆತಿರಲಿಲ್ಲ. ತಂದೆಯಿಂದ ಬಂದ ವೆರೆ ಎಂಬ ಊರಿನ ಭವ್ಯ ಸೌಧ, ಬೇಟೆನಾಯಿಗಳು, ಕುದುರೆಗಳು, ನವಿರಾದ ಉಡುಪು, ರಾಜಧಾನಿಯ ಸಲ್ಲಾಪಗಳು, ಇವೇ ಅವರ ಲೋಕವಾಗಿದ್ದವು. ಪ್ರವಚನ ಪೀಠದಲ್ಲಿ ವಾಕ್ಚಾತುರ್ಯ, ಅರಮನೆಗಳಲ್ಲಿ ಮಾನ್ಯತೆ. ಇನ್ನು ಕೆಲವು ವರ್ಷ ಕಾದಿದ್ದರೆ ಚಿಕ್ಕಪ್ಪನ ಮಹಾಪೀಠವೇ ತಮ್ಮದಾಗುವ ನಿರೀಕ್ಷೆ ಅವರಿಗಿತ್ತು.

ಮನಃಪರಿವರ್ತನೆ

1657ರ ವಸಂತದಲ್ಲಿ ಮೋಂಬಜೋನ್ ಡಚೆಸ್ ಎಂಬ ಗಣ್ಯ ಮಹಿಳೆ ಅಲ್ಪಕಾಲದ ಕಾಯಿಲೆಯಿಂದ ಮರಣ ಹೊಂದಿದರು. ರಾನ್ಸೆಯವರಿಗೆ ಅವರೊಡನೆ ಗಾಢವಾದ ಸ್ನೇಹವಿತ್ತು. ಈ ಮರಣವನ್ನು ಕುರಿತು ಒಂದು ಭೀಕರ ಕತೆ ಪ್ರಚಾರದಲ್ಲಿದೆ. ಶವಪೆಟ್ಟಿಗೆ ಚಿಕ್ಕದಾಯಿತೆಂದು ಶಿರಸ್ಸನ್ನು ಬೇರ್ಪಡಿಸಿ ಇಟ್ಟಿದ್ದರೆಂದೂ, ಏನೂ ತಿಳಿಯದೆ ಒಳಬಂದ ರಾನ್ಸೆಯವರು ಅದನ್ನು ಕಂಡು ವಿರಕ್ತರಾದರೆಂದೂ ಆ ಕತೆ ಹೇಳುತ್ತದೆ. ಇದು ಘಟನೆಯಾಗಿ ಸುಮಾರು ಮೂರು ದಶಕಗಳ ನಂತರ ಅವರ ವಿರೋಧಿಯೊಬ್ಬನು ಅಚ್ಚು ಹಾಕಿಸಿದ ಪುಸ್ತಕದಿಂದ ಹಬ್ಬಿದ್ದು. ಇತಿಹಾಸಕಾರರು ಇದನ್ನು ಒಪ್ಪಿಲ್ಲ. ಪರಿವರ್ತನೆಯೆಂದರೆ ಒಂದು ಕ್ಷಣದ ಸಿಡಿಲೆಂದು ಭಾವಿಸುವವರಿಗೆ ಇಂಥ ಕತೆಗಳು ರುಚಿಸುತ್ತವೆ. ರಾನ್ಸೆಯವರ ಬಾಳಿನಲ್ಲಿ ನಡೆದದ್ದು ಹಾಗಲ್ಲ. ಅದು ಆರೇಳು ವರ್ಷಗಳ ನಿಧಾನವಾದ ಉಳುಮೆ.

ಆ ಮರಣದ ನಂತರ ಅವರು ವೆರೆಯ ಸೌಧಕ್ಕೆ ಹಿಂದಿರುಗಿ ಏಕಾಂತದಲ್ಲಿ ಓದತೊಡಗಿದರು, ಅನುಭವಿಗಳಾದ ಗುರುಗಳ ಸಲಹೆ ಕೇಳತೊಡಗಿದರು. 1660ರಲ್ಲಿ ಅರಸನ ಚಿಕ್ಕಪ್ಪ, ತಮ್ಮ ಆಶ್ರಯದಾತ ಗಾಸ್ತೋನ್ ಪ್ರಭುವಿನ ಮರಣಶಯ್ಯೆಯ ಬಳಿ ಅವರೇ ಗುರುವಾಗಿ ನಿಂತರು. ರಾಜಕುಮಾರನೂ ಬರಿಗೈಯಲ್ಲಿ ಹೋಗುವುದನ್ನು ಕಣ್ಣಾರೆ ಕಂಡರು. ಅದೇ ವರ್ಷ ದಕ್ಷಿಣದ ಕೆಲವು ಸದ್ಭಕ್ತ ಧರ್ಮಾಧ್ಯಕ್ಷರನ್ನು ಭೇಟಿಯಾಗಿ ತಮ್ಮ ಬಾಳನ್ನು ಅವರ ಮುಂದೆ ತೆರೆದಿಟ್ಟರು. ಅನೇಕ ಮಠಗಳ ವರಮಾನವನ್ನು ಒಬ್ಬನೇ ಉಣ್ಣುವುದು ಧರ್ಮವಲ್ಲವೆಂಬ ತಿಳಿವಳಿಕೆ ಅವರಿಗೆ ಅಲ್ಲಿ ಖಚಿತವಾಯಿತು. ಸನ್ಯಾಸಿಯಾಗಬಹುದಲ್ಲ ಎಂದು ಒಬ್ಬರು ಸೂಚಿಸಿದಾಗ ಮಾತ್ರ ಅವರ ಮನಸ್ಸು ಹಿಂದೆಗೆಯಿತೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಆಸ್ತಿಯನ್ನು ಬಿಡುವುದು ಅವರಿಗೆ ಸಾಧ್ಯವೆನಿಸಿತ್ತು. ಸನ್ಯಾಸಿಯ ಉಡುಪನ್ನು ತೊಡುವುದು ಮಾನಹಾನಿಯೆನಿಸಿತ್ತು.

ಆದರೂ ಒಂದೊಂದಾಗಿ ಕಟ್ಟುಗಳು ಕಳಚಿದವು. ವೆರೆಯ ಆಸ್ತಿಯನ್ನು ಮಾರಿದರು. ಬಂದ ಹಣದ ಬಹುಭಾಗ ಪ್ಯಾರಿಸಿನ ಬಡವರ ಆಸ್ಪತ್ರೆಗಳಿಗೆ ಸಂದಿತು. ಮಠಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟರು. ಕಡೆಗೆ ಉಳಿಸಿಕೊಂಡದ್ದು ಲಾ ತ್ರಾಪ್ ಒಂದನ್ನೇ. ಅದು ಎಲ್ಲಕ್ಕಿಂತ ಬಡ ಮಠಗಳಲ್ಲೊಂದು, ಎಲ್ಲಕ್ಕಿಂತ ಅನಾರೋಗ್ಯಕರವಾದ ಜಾಗ.

ಒಡೆಯನು ಶಿಷ್ಯನಾದದ್ದು

1662ರಲ್ಲಿ ರಾನ್ಸೆಯವರು ದುರಸ್ತಿಯ ಏರ್ಪಾಡಿಗೆಂದು ಲಾ ತ್ರಾಪ್‌ಗೆ ಬಂದಾಗ ಕಂಡ ದೃಶ್ಯ ಕರುಣಾಜನಕವಾಗಿತ್ತು. ಮಾಳಿಗೆಗಳು ಕುಸಿದಿದ್ದವು, ದೇವಾಲಯದ ಗೋಡೆಗಳು ಬಿರುಕು ಬಿಟ್ಟಿದ್ದವು, ಮಠದ ಬಾಗಿಲುಗಳು ಹಗಲಿರುಳೂ ಎಲ್ಲರಿಗೂ ತೆರೆದಿದ್ದವು. ಊಟದ ಸಾಲೆಯು ಚೆಂಡಾಟದ ಅಂಗಣವಾಗಿತ್ತೆಂದು ಹೇಳುತ್ತಾರೆ. ಉಳಿದಿದ್ದವರು ಆರೇಳು ಮಂದಿ ಸನ್ಯಾಸಿಗಳು. ಅವರಲ್ಲಿ ನಿಯಮವೆಂಬುದು ಹೆಸರಿಗೂ ಉಳಿದಿರಲಿಲ್ಲ. ಸುಧಾರಣೆಯ ಮಾತೆತ್ತಿದೊಡನೆ ಅವರು ರಾನ್ಸೆಯವರಿಗೆ ಪ್ರಾಣಭಯ ಒಡ್ಡಿದರು. ರಾನ್ಸೆಯವರು ಅರಸನ ಸಹಾಯ ಕೇಳುವುದಾಗಿ ಎಚ್ಚರಿಸಿದ ಮೇಲೆ ರಾಜಿಯಾಯಿತು. ಹಳಬರಿಗೆ ಜೀವನಾಂಶ ಗೊತ್ತುಪಡಿಸಿ, ಇರಲಿಚ್ಛಿಸುವವರು ಇರಬಹುದು, ಹೋಗುವವರು ಹೋಗಬಹುದು ಎಂದಾಯಿತು. ಸಿಸ್ಟರ್ಶಿಯನ್ ಸಭೆಯಲ್ಲಿ ಆಗಲೇ ಮಾಂಸಾಹಾರವನ್ನು ತ್ಯಜಿಸಿ ಕಟ್ಟುನಿಟ್ಟಿನ ಪಂಥವನ್ನು ಹಿಡಿದಿದ್ದ ಮಠಗಳಿದ್ದವು; ಅವುಗಳಲ್ಲೊಂದಾದ ಪರ್ಸೇನ್ ಮಠದಿಂದ ಕೆಲವು ಸನ್ಯಾಸಿಗಳನ್ನು ಕರೆತಂದು ನೆಲೆಗೊಳಿಸಿದರು. ತಾವೇ ನಿಂತು ಕಟ್ಟಡಗಳನ್ನು ದುರಸ್ತಿ ಮಾಡಿಸಿದರು.

ಇಲ್ಲಿಗೇ ನಿಲ್ಲಿಸಿದ್ದರೂ ಅವರನ್ನು ಸತ್ಪುರುಷರೆಂದು ಜನ ಹೊಗಳುತ್ತಿದ್ದರು. ಹಣ ಕೊಟ್ಟಿದ್ದರು, ಗೋಡೆ ಕಟ್ಟಿಸಿದ್ದರು, ಒಳ್ಳೆಯ ಸನ್ಯಾಸಿಗಳನ್ನು ತಂದಿದ್ದರು. ಆದರೆ ತಾವು ಪಾಲಿಸದ ನಿಯಮವನ್ನು ಇತರರಿಂದ ಪಾಲಿಸಿಕೊಳ್ಳುವ ಅಧಿಕಾರ ತಮಗೆಲ್ಲಿದೆ ಎಂಬ ಅಳುಕು ಅವರನ್ನು ಬಿಡಲಿಲ್ಲ. ಯಾವ ಉಡುಪನ್ನು ಮಾನಹಾನಿಯೆಂದು ಎಣಿಸಿದ್ದರೋ ಅದನ್ನೇ ಬೇಡಿ ಪಡೆದರು. ಅರಸನ ಅನುಮತಿಯೊಡನೆ 1663ರ ಜೂನ್ ತಿಂಗಳಲ್ಲಿ, ತಮ್ಮ ಮೂವತ್ತೇಳನೆಯ ವಯಸ್ಸಿನಲ್ಲಿ, ಪರ್ಸೇನ್ ಮಠವನ್ನು ನವಶಿಷ್ಯರಾಗಿ ಪ್ರವೇಶಿಸಿದರು. ಪಂಡಿತರೂ ಹಿರಿಯರೂ ಆದ ಅವರು ತಮಗಿಂತ ಕಿರಿಯರೊಡನೆ ಕುಳಿತು ಸನ್ಯಾಸದ ಓನಾಮ ಕಲಿತರು. ನಡುವೆ ದೇಹಾರೋಗ್ಯ ಕೆಟ್ಟಿತು. ಪಟ್ಟು ಮಾತ್ರ ಸಡಿಲಲಿಲ್ಲ. 1664ರ ಜೂನ್ ತಿಂಗಳಲ್ಲಿ ವ್ರತಗಳನ್ನು ಸ್ವೀಕರಿಸಿ, ಜುಲೈ ತಿಂಗಳಲ್ಲಿ ಮಠಾಧಿಪತಿಯಾಗಿ ಆಶೀರ್ವಾದ ಪಡೆದು ಲಾ ತ್ರಾಪ್‌ಗೆ ಹಿಂದಿರುಗಿದರು. ಆಳಾಗಬಲ್ಲವನು ಅರಸಾಗಬಲ್ಲನೆಂಬ ನಮ್ಮ ಗಾದೆ ಇಲ್ಲಿ ಸಾರ್ಥಕವಾಯಿತು. ಬಾಲ್ಯದಲ್ಲಿ ಕಾಗದದ ಮೇಲೆ ದೊರೆತಿದ್ದ ಪದವಿಯನ್ನು ಇಪ್ಪತ್ತೇಳು ವರ್ಷಗಳ ನಂತರ ಮೊಣಕಾಲೂರಿ ಸಂಪಾದಿಸಿದರು.

ಅದೇ ವರ್ಷ ಕಟ್ಟುನಿಟ್ಟಿನ ಪಂಥದ ಮಠಗಳು ತಮ್ಮ ಅಹವಾಲನ್ನು ಒಪ್ಪಿಸಲು ಅವರನ್ನು ರೋಮಿಗೆ ಕಳುಹಿಸಿದವು. ಸಭೆಯಿಡೀ ಮೂಲ ನಿಯಮಕ್ಕೆ ಮರಳಬೇಕೆಂಬುದು ಅವರ ಆಸೆ. ಕಾರ್ಯ ಕೈಗೂಡಲಿಲ್ಲ. 1666ರಲ್ಲಿ ಜಗದ್ಗುರು ಏಳನೆಯ ಅಲೆಕ್ಸಾಂಡರರು ನೀಡಿದ ಆಜ್ಞೆಯು ಎರಡು ಪಂಥಗಳನ್ನೂ ಒಂದೇ ಮಾತೃಮಠದ ಅಧೀನದಲ್ಲಿ ಮುಂದುವರಿಯಗೊಟ್ಟಿತು. ರಾನ್ಸೆಯವರು ನಿರಾಶರಾದರೂ ಅವಿಧೇಯರಾಗಲಿಲ್ಲ. ಜಗತ್ತಿನ ಮಠಗಳೆಲ್ಲ ಸುಧಾರಿಸದಿದ್ದರೆ ತಮ್ಮದೊಂದು ಮಠವಾದರೂ ನಿಯಮದಂತೆ ನಡೆಯಲಿ ಎಂದು ಲಾ ತ್ರಾಪ್‌ಗೆ ಮರಳಿದರು. ಮುಂದಿನ ಮೂವತ್ತನಾಲ್ಕು ವರ್ಷ ಅದೇ ಅವರ ಲೋಕ.

ಲಾ ತ್ರಾಪ್‌ನ ದಿನಚರಿ

ಬೆಳಗಿನ ಜಾವ ಎರಡು ಗಂಟೆಗೆ ಗಂಟೆ ಬಾರಿಸುತ್ತಿತ್ತು. ಸನ್ಯಾಸಿಗಳು ಕತ್ತಲೆಯಲ್ಲಿ ದೇವಾಲಯಕ್ಕೆ ಬಂದು ಕೀರ್ತನೆಗಳನ್ನು ಹಾಡುತ್ತಿದ್ದರು. ಬಲಿಪೂಜೆ, ವಾಚನ, ಧ್ಯಾನಗಳ ನಡುವೆ ಬೆಳಿಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನ ಒಂದೂವರೆ ಗಂಟೆ ಮೈಮುರಿದು ದುಡಿಮೆ. ತೋಟ ಅಗೆಯುವುದು, ಗೊಬ್ಬರ ಹೊರುವುದು, ಬಟ್ಟೆ ಒಗೆಯುವುದು, ಪಾತ್ರೆ ತಿಕ್ಕುವುದು. ಮಠಾಧಿಪತಿಗೂ ವಿನಾಯಿತಿಯಿಲ್ಲ, ಅರಮನೆಯಲ್ಲಿ ಬೆಳೆದ ರಾನ್ಸೆಯವರೂ ಗುದ್ದಲಿ ಹಿಡಿದರು. ಊಟವೆಂದರೆ ಒರಟು ರೊಟ್ಟಿ, ಬೇಯಿಸಿದ ಗೆಡ್ಡೆ, ಸೊಪ್ಪು, ಕಾಳು. ಆರೋಗ್ಯವಂತರಿಗೆ ಮಾಂಸ, ಮೀನು, ಮೊಟ್ಟೆ, ಬೆಣ್ಣೆ ಯಾವುದೂ ಇಲ್ಲ. ಹುಲ್ಲಿನ ಹಾಸಿಗೆಯ ಮೇಲೆ ತೊಟ್ಟ ಉಡುಪಿನಲ್ಲಿಯೇ ನಿದ್ರೆ.

ಎಲ್ಲಕ್ಕಿಂತ ಹೆಸರಾದದ್ದು ಮೌನ. ಅಗತ್ಯವಾದುದನ್ನು ಕೈಸನ್ನೆಯಿಂದ ಸೂಚಿಸುತ್ತಿದ್ದರು. ಮಠಾಧಿಪತಿಯೊಡನೆ ಮಾತಾಡಲು ಅವಕಾಶವಿತ್ತು. ಮೌನವು ಒಂದು ಪ್ರತ್ಯೇಕ ವ್ರತವೆಂದೂ, ಟ್ರ್ಯಾಪಿಸ್ಟರು ದಿನವೂ ತಮ್ಮ ಗೋರಿಯನ್ನು ತಾವೇ ಸ್ವಲ್ಪ ಸ್ವಲ್ಪ ಅಗೆಯುತ್ತಾರೆಂದೂ ನಮ್ಮಲ್ಲಿ ಕೆಲವರು ನಂಬಿದ್ದಾರೆ. ಎರಡೂ ನಿಜವಲ್ಲ. ಮೌನವು ಶಿಕ್ಷೆಯೂ ಅಲ್ಲ, ಮುನಿಸೂ ಅಲ್ಲ. ದೇವರ ಮಾತಿಗೆ ಎಡೆ ಮಾಡಿಕೊಡುವ ತೆರವು. ಒಟ್ಟಿಗೆ ದುಡಿದು, ಒಟ್ಟಿಗೆ ಉಂಡು, ಒಟ್ಟಿಗೆ ಹಾಡಿಯೂ ಒಬ್ಬರನ್ನೊಬ್ಬರು ಮಾತಿನಿಂದ ನೋಯಿಸದೆ ಬಾಳುವ ಒಂದು ಸಾಧನೆ.

ತಮಗೆ ಇಷ್ಟು ಬಿಗಿಯಾಗಿದ್ದವರು ಅತಿಥಿಗಳಿಗೂ ಬಡವರಿಗೂ ಕೈಬಿಚ್ಚಿದ್ದರು. ಬರಗಾಲದ ವರ್ಷಗಳಲ್ಲಿ ಮಠದ ಬಾಗಿಲಿಗೆ ಹಸಿದವರ ಗುಂಪು ಬರುತ್ತಿತ್ತು. ಸನ್ಯಾಸಿಗಳು ತಮ್ಮ ಪಾಲನ್ನು ಕಡಿಮೆ ಮಾಡಿಕೊಂಡು ಹಂಚುತ್ತಿದ್ದರು. ಹಿಂದೆ ಮಠದ ಉತ್ಪನ್ನವು ಪ್ಯಾರಿಸಿಗೆ ಹೋಗುತ್ತಿತ್ತು, ಈಗ ಮಠದ ಬಾಗಿಲಲ್ಲಿಯೇ ಬಡವರ ಮಡಿಲಿಗೆ ಬೀಳುತ್ತಿತ್ತು. ಸುಧಾರಣೆಯ ನಿಜವಾದ ಅಳತೆಗೋಲು ಇದೇ ಎಂದು ನಾವು ಭಾವಿಸುತ್ತೇವೆ.

ನೆರಳಿನ ಭಾಗ

ಸಂತರ ಮತ್ತು ಸತ್ಪುರುಷರ ಚರಿತ್ರೆ ಬರೆಯುವವರು ಬೆಳಕನ್ನಷ್ಟೇ ತೋರಿಸುವುದು ಓದುಗರಿಗೆ ಮಾಡುವ ಉಪಕಾರವಲ್ಲ. ಲಾ ತ್ರಾಪ್‌ನಲ್ಲಿ ಸಾವು ಬಹಳವಾಗಿತ್ತು. ತಗ್ಗಿನ ಥಂಡಿ, ಕಡಿಮೆ ಆಹಾರ, ಕಠಿಣ ಶ್ರಮಗಳಿಂದಾಗಿ ಎಷ್ಟೋ ಯುವ ಸನ್ಯಾಸಿಗಳು ಎದೆರೋಗಕ್ಕೆ ತುತ್ತಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ರಾನ್ಸೆಯವರು ಅವರ ಪುಣ್ಯಮರಣಗಳ ವೃತ್ತಾಂತಗಳನ್ನು ಬರೆದು ಪ್ರಕಟಿಸಿದರು. ಅವನ್ನು ಓದಿ ಇನ್ನಷ್ಟು ಜನ ಮಠಕ್ಕೆ ಬಂದರು. ತಪಸ್ಸಿಗೆ ಮಿತಿ ಬೇಡವೇ ಎಂದು ಆ ಕಾಲದಲ್ಲಿಯೇ ಒಳ್ಳೆಯವರು ಕೇಳಿದರು. ಸಂತ ಬೆನೆಡಿಕ್ಟರು ಬಲಹೀನರನ್ನೂ ಗಮನದಲ್ಲಿಟ್ಟು ನಿಯಮವನ್ನು ಬರೆದರೆಂಬುದನ್ನು ನೆನೆದಾಗ, ರಾನ್ಸೆಯವರು ಈ ವಿಷಯದಲ್ಲಿ ತಮ್ಮ ಗುರುವಿಗಿಂತ ಕಠಿಣರಾದರೆಂದೇ ನಮಗೆ ತೋರುತ್ತದೆ. ಆದರೂ ಅವರು ಯಾರನ್ನೂ ಬಲವಂತದಿಂದ ಕರೆತರಲಿಲ್ಲ. ಇತರರಿಗೆ ವಿಧಿಸಿದ ಯಾವುದನ್ನೂ ತಾವು ತಪ್ಪಿಸಿಕೊಳ್ಳಲಿಲ್ಲ.

ಎರಡನೆಯ ವಿವಾದ ವಿದ್ಯೆಯನ್ನು ಕುರಿತದ್ದು. 1683ರಲ್ಲಿ ಬೊಸ್ಸುವೆಯವರ ಒತ್ತಾಯದಿಂದ ರಾನ್ಸೆಯವರು ಸನ್ಯಾಸ ಜೀವನದ ಪಾವಿತ್ರ್ಯ ಮತ್ತು ಕರ್ತವ್ಯಗಳನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಸನ್ಯಾಸಿಗೆ ಪಶ್ಚಾತ್ತಾಪವೂ ಶ್ರಮವೂ ಸಾಕು, ಪಾಂಡಿತ್ಯ ತಕ್ಕುದಲ್ಲ ಎಂಬುದು ಅದರಲ್ಲಿನ ಒಂದು ವಾದ. ಇದಕ್ಕೆ ಬೆನೆಡಿಕ್ಟೈನ್ ಸನ್ಯಾಸಿ, ಹಳೆಯ ದಾಖಲೆಗಳ ಅಧ್ಯಯನಕ್ಕೆ ಶಾಸ್ತ್ರೀಯ ತಳಹದಿ ಹಾಕಿದ ಮಹಾವಿದ್ವಾಂಸ ಮಬಿಯೋನರು 1691ರಲ್ಲಿ ಸೌಮ್ಯವಾಗಿ ಉತ್ತರ ಬರೆದು, ವಿದ್ಯೆಯೂ ಪ್ರಾರ್ಥನೆಯ ಸಹೋದರಿಯೇ ಎಂದು ಪ್ರತಿಪಾದಿಸಿದರು. ರಾನ್ಸೆಯವರು 1692ರಲ್ಲಿ ಕಟುವಾಗಿ ಪ್ರತ್ಯುತ್ತರವಿತ್ತರು. ಮಬಿಯೋನರು ಮತ್ತೊಮ್ಮೆ ಬರೆದರು. ಇಬ್ಬರ ಪರವಾಗಿಯೂ ದೇಶವೆಲ್ಲ ಮಾತಾಡಿತು. ಆದರೆ 1693ರಲ್ಲಿ ಅರುವತ್ತು ದಾಟಿದ ಮಬಿಯೋನರು ತಾವಾಗಿಯೇ ಲಾ ತ್ರಾಪ್‌ಗೆ ಬಂದರು. ಇಬ್ಬರು ವೃದ್ಧರೂ ಭೇಟಿಯಾಗಿ ಆಲಿಂಗಿಸಿಕೊಂಡು ಸ್ನೇಹದಿಂದ ಬೀಳ್ಕೊಂಡರು. ವಾದದಲ್ಲಿ ಗೆದ್ದವರು ಮಬಿಯೋನರೆಂದೇ ಧರ್ಮಸಭೆಯ ಮುಂದಿನ ಇತಿಹಾಸ ತೀರ್ಪು ನೀಡಿದೆ. ಸೆಮಿನರಿಯ ಗ್ರಂಥಾಲಯದಲ್ಲಿ ವರ್ಷಗಳನ್ನು ಕಳೆದ ನಮ್ಮಂಥವರ ಒಲವೂ ಅವರ ಕಡೆಗೇ. ಆದರೆ ಮುನಿಸನ್ನು ಕೂಡಿಟ್ಟುಕೊಳ್ಳದೆ ಕೈಜೋಡಿಸಿದ್ದರಲ್ಲಿ ಇಬ್ಬರೂ ಗೆದ್ದರು. ಧರ್ಮಕೇಂದ್ರದ ಸಣ್ಣ ಸಣ್ಣ ವ್ಯಾಜ್ಯಗಳನ್ನು ವರ್ಷಗಟ್ಟಲೆ ಹೊತ್ತು ತಿರುಗುವ ನಮಗೆ ಈ ಭೇಟಿಯೊಂದೇ ಸಾಕಾದ ಪಾಠ.

ಕೊನೆಯ ದಿನಗಳು

ಲೋಕವನ್ನು ಬಿಟ್ಟವರನ್ನು ಲೋಕವು ಬಿಡಲಿಲ್ಲ. ಬೊಸ್ಸುವೆಯವರು ಮತ್ತೆ ಮತ್ತೆ ಬಂದು ಮಠದಲ್ಲಿ ತಂಗಿದರು. ಸಿಂಹಾಸನ ಕಳೆದುಕೊಂಡು ಫ್ರಾನ್ಸಿಗೆ ಓಡಿಬಂದಿದ್ದ ಇಂಗ್ಲೆಂಡಿನ ಅರಸ ಎರಡನೆಯ ಜೇಮ್ಸ್ 1690ರಿಂದ ಮೊದಲ್ಗೊಂಡು ಅನೇಕ ಬಾರಿ ಬಂದು ಸನ್ಯಾಸಿಗಳ ನಡುವೆ ಸಾಂತ್ವನ ಪಡೆದನು. ಯುವ ಪ್ರಭು ಸೇಂ ಸಿಮೋನ್ ಅವರಿಗೆ ರಾನ್ಸೆಯವರ ಭಾವಚಿತ್ರ ಬೇಕೆಂಬ ಹಂಬಲ. ಆದರೆ ರಾನ್ಸೆಯವರು ಚಿತ್ರಕ್ಕಾಗಿ ಕುಳಿತುಕೊಳ್ಳುವವರಲ್ಲ. 1696ರಲ್ಲಿ ಪ್ರಸಿದ್ಧ ಚಿತ್ರಕಾರ ರಿಗೋನನ್ನು ಬೇರೊಬ್ಬ ಅತಿಥಿಯ ನೆಪದಲ್ಲಿ ಕರೆತಂದು, ಅವನು ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಹೋಗಿ ಬರೆಯುವಂತೆ ಮಾಡಿದರು. ತಮ್ಮ ಮುಖ ಉಳಿಯಬಾರದೆಂದು ಬಯಸಿದವರ ಮುಖ ನಮಗೆ ಉಳಿದು ಬಂದದ್ದು ಹೀಗೆ.

ವಾತರೋಗದಿಂದ ಕೈ ಕೆಲಸ ಮಾಡದಂತಾಗಿ 1695ರಲ್ಲಿ ಅವರು ಅಧಿಕಾರವನ್ನು ಬಿಟ್ಟುಕೊಟ್ಟರು. ಉತ್ತರಾಧಿಕಾರಿ ಮರುವರ್ಷವೇ ತೀರಿಕೊಂಡರು. ಅವರ ನಂತರ ಬಂದವರ ಕಾಲದಲ್ಲಿ ಮಠದೊಳಗೆ ಮನಸ್ತಾಪಗಳೆದ್ದವು. ತಾವು ಕಟ್ಟಿದ್ದು ಅಲುಗಾಡುವುದನ್ನು ರೋಗಶಯ್ಯೆಯಿಂದ ನೋಡುವ ಕಷ್ಟವೂ ಅವರಿಗೆ ತಪ್ಪಲಿಲ್ಲ. ಮೂರನೆಯವರ ಕಾಲದಲ್ಲಿ ಮಠ ಮತ್ತೆ ಶಾಂತವಾಯಿತು. 1700ರ ಅಕ್ಟೋಬರ್ 27ರಂದು, ಮಠದ ಪದ್ಧತಿಯಂತೆ ನೆಲದ ಮೇಲೆ ಹರಡಿದ ಬೂದಿ ಮತ್ತು ಹುಲ್ಲಿನ ಮೇಲೆ ಮಲಗಿ, ಧರ್ಮಾಧ್ಯಕ್ಷರ ಮತ್ತು ಸಹೋದರರ ಸಮ್ಮುಖದಲ್ಲಿ ರಾನ್ಸೆಯವರು ಪ್ರಭುವಿನಲ್ಲಿ ಐಕ್ಯರಾದರು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಧರ್ಮಸಭೆ ಅವರನ್ನು ಸಂತರ ಪಟ್ಟಿಗೆ ಸೇರಿಸಿಲ್ಲ.

ಬೀಜವು ಮರವಾದದ್ದು

ರಾನ್ಸೆಯವರು ಹೊಸ ಸಭೆಯನ್ನು ಸ್ಥಾಪಿಸಲು ಹೊರಟವರಲ್ಲ. ಅವರ ಕಣ್ಣಿಗಿದ್ದದ್ದು ಒಂದು ಮಠ ಮಾತ್ರ. ಫ್ರಾನ್ಸಿನ ಮಹಾಕ್ರಾಂತಿ ಆ ಮಠವನ್ನು ಮುಚ್ಚಿಸಿದಾಗ ಅದೇ ಮಠ ಜಗತ್ತಿಗೆ ಹರಡಿತು. 1791ರಲ್ಲಿ ಆಗಸ್ಟಿನ್ ದ ಲೆಸ್ತ್ರಾಂಜ್ ಎಂಬ ಗುರುಗಳು ಇಪ್ಪತ್ತಕ್ಕೂ ಹೆಚ್ಚು ಸನ್ಯಾಸಿಗಳನ್ನು ಕರೆದುಕೊಂಡು ಸ್ವಿಟ್ಜರ್ಲೆಂಡಿನ ಲಾ ವಾಲ್ಸೇಂತ್‌ಗೆ ಹೋದರು. ಸೈನ್ಯಗಳು ಅಟ್ಟಿಸಿಕೊಂಡು ಬಂದಾಗ ಆ ಸಮುದಾಯ ರಷ್ಯದವರೆಗೂ ಅಲೆಯಿತು. 1815ರ ಸುಮಾರಿಗೆ ಫ್ರಾನ್ಸಿಗೆ ಹಿಂದಿರುಗಿ ಲಾ ತ್ರಾಪನ್ನು ಮತ್ತೆ ಕಟ್ಟಿದರು. ಕ್ರಾಂತಿಯಲ್ಲಿ ಸಿಸ್ಟರ್ಶಿಯನ್ ಮಠಗಳು ಬಹುಪಾಲು ಅಳಿದುಹೋದಾಗ ಫ್ರಾನ್ಸಿನಲ್ಲಿ ಆ ಪರಂಪರೆಯನ್ನು ಉಳಿಸಿಕೊಟ್ಟವರು ಇವರೇ. 1892ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರ ಕಾಲದಲ್ಲಿ ಟ್ರ್ಯಾಪಿಸ್ಟ್ ಮಠಗಳೆಲ್ಲ ಒಂದಾಗಿ ಸ್ವತಂತ್ರ ಸಭೆಯೆನಿಸಿದವು. 1898ರಲ್ಲಿ ಮೂಲಮಠವಾದ ಸಿತೋ ಕೂಡ ಮರಳಿ ಅವರ ಕೈಸೇರಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಅತಿ ಕಠಿಣ ಪದ್ಧತಿಗಳು ಸಡಿಲಗೊಂಡರೂ ಮೌನ, ಶ್ರಮ, ಪ್ರಾರ್ಥನೆಗಳು ಹಾಗೆಯೇ ಉಳಿದಿವೆ. 1996ರಲ್ಲಿ ಅಲ್ಜೀರಿಯದ ತಿಬಿರಿನ್ ಮಠದ ಏಳು ಟ್ರ್ಯಾಪಿಸ್ಟರು ಪ್ರಾಣಭಯವಿದ್ದರೂ ನೆರೆಯ ಮುಸ್ಲಿಂ ಬಂಧುಗಳನ್ನು ಬಿಟ್ಟುಹೋಗಲೊಪ್ಪದೆ ಉಳಿದು ರಕ್ತಸಾಕ್ಷಿಗಳಾದರು; 2018ರಲ್ಲಿ ಅವರನ್ನು ಧನ್ಯರೆಂದು ಸಾರಲಾಯಿತು.

ಈ ಪರಂಪರೆಯ ಒಂದು ಕೊಂಬೆ ನಮ್ಮ ನೆರೆಯಲ್ಲಿಯೂ ಚಿಗುರಿದೆ. ಬೆಲ್ಜಿಯಂ ದೇಶದ ಸ್ಕೂರ್ಮೋ ಎಂಬ ಟ್ರ್ಯಾಪಿಸ್ಟ್ ಮಠದಿಂದ 1955ರಲ್ಲಿ ಭಾರತಕ್ಕೆ ಬಂದ ಫ್ರಾನ್ಸಿಸ್ ಆಚಾರ್ಯರು 1958ರಲ್ಲಿ ಕೇರಳದ ವಾಗಮೋನ್ ಬೆಟ್ಟಗಳಲ್ಲಿ ಕುರಿಶುಮಲ ಆಶ್ರಮವನ್ನು ಕಟ್ಟಿದರು. ಅವರೊಡನೆ ಸೇರಿದ ಬೀಡ್ ಗ್ರಿಫಿತ್ಸರು ಅದಕ್ಕೆ ಮುನ್ನ ನಮ್ಮ ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ ಆಶ್ರಮ ಜೀವನದ ಪ್ರಯತ್ನ ಮಾಡಿದ್ದರು. ಕಾವಿ ಉಟ್ಟು, ನೆಲದ ಮೇಲೆ ಕುಳಿತು ಉಂಡು, ಸಿರಿಯನ್ ಸಂಪ್ರದಾಯದಲ್ಲಿ ಪ್ರಾರ್ಥಿಸುತ್ತ, ಹಸು ಸಾಕಿ ಹೈನುಗಾರಿಕೆಯಿಂದ ಬಾಳುವ ಆ ಆಶ್ರಮವು 1998ರಲ್ಲಿ ಟ್ರ್ಯಾಪಿಸ್ಟ್ ಸಭೆಗೆ ವಿಧಿವತ್ತಾಗಿ ಸೇರಿತು. ಇನ್ನು ಕೆಂಗೇರಿಯಲ್ಲಿ ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠವಿದೆ. ಬೆನೆಡಿಕ್ಟರ ನಿಯಮದಂತೆ ಕೀರ್ತನೆಗಳು ಹಾಡಲ್ಪಡುವುದನ್ನು ಕೇಳಬಯಸುವವರು ದೂರ ದೇಶಕ್ಕೆ ಹೋಗಬೇಕಿಲ್ಲ.

ನಮ್ಮ ಪಾಲಿನ ಕೆಲಸ

ಮಠವೆಂಬುದು ಕೊಪ್ಪಳ ಸೀಮೆಯ ಜನರಿಗೆ ಹೊಸದಲ್ಲ. ಗವಿಮಠದ ಜಾತ್ರೆಗೆ ಜಾತಿಮತ ಎಣಿಸದೆ ಜನ ಸೇರುವುದನ್ನೂ ಅಲ್ಲಿ ನಡೆಯುವ ದಾಸೋಹವನ್ನೂ ನಾವೆಲ್ಲ ಬಲ್ಲೆವು. ಆಸ್ತಿಯಿದ್ದ ಮಾತ್ರಕ್ಕೆ ಮಠ ಮಠವಾಗುವುದಿಲ್ಲ, ಅಲ್ಲಿ ವಾಸಿಸುವವರ ತಪಸ್ಸಿನಿಂದಲೂ ಹಸಿದವರಿಗೆ ಇಡುವ ಅನ್ನದಿಂದಲೂ ಮಠವಾಗುತ್ತದೆ ಎಂಬ ಅರಿವು ಈ ನೆಲದಲ್ಲಿಯೇ ಇದೆ. ದೇವಾಲಯಕ್ಕೂ ಅದೇ ಮಾತು ಸಲ್ಲುತ್ತದೆ.

ಜ್ಞಾನಸ್ನಾನ, ಮದುವೆ, ಮರಣ ಈ ಮೂರಕ್ಕೆ ಮಾತ್ರ ದೇವಾಲಯವನ್ನು ನೆನೆಯುವವರು ಹಿರಿಯರ ಆಸ್ತಿಯನ್ನು ದೂರದಿಂದ ಉಣ್ಣುವ ಜಹಗೀರುದಾರರಂತೆ ಅಲ್ಲವೇ? ಹಬ್ಬದ ದಿನ ದೊಡ್ಡ ಮೊತ್ತದ ಕಾಣಿಕೆ ಕೊಟ್ಟು ಉಳಿದ ದಿನ ಮುಖ ತೋರಿಸದಿರುವುದೂ ಅದೇ ಬಗೆಯದು. ಈ ಪ್ರಶ್ನೆ ಗುರುಗಳಾದ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಬಲಿಪೀಠದಿಂದ ಬದುಕುವವರು ನಾವು. ರಾನ್ಸೆಯವರು ಮೊದಲು ಹಣ ಕೊಟ್ಟರು, ಆಮೇಲೆ ಗೋಡೆ ಕಟ್ಟಿಸಿದರು. ಅವುಗಳಿಂದ ಮಠ ಬದುಕಲಿಲ್ಲ. ಕಡೆಗೆ ತಮ್ಮನ್ನೇ ಕೊಟ್ಟರು, ಮಠ ಬದುಕಿತು.

ಲಾ ತ್ರಾಪ್‌ನ ಉಪವಾಸವನ್ನು ಸಂಸಾರಿಗಳು ಅನುಕರಿಸಬೇಕೆಂದು ನಾವು ಹೇಳುವುದಿಲ್ಲ. ಗಂಗಾವತಿಯ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡುವವರಿಗೆ, ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುವವರಿಗೆ ತಪಸ್ಸನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆ ದುಡಿಮೆಯೇ ದೇವರಿಗೆ ಅರ್ಪಿತವಾದಾಗ ಪ್ರಾರ್ಥನೆಯಾಗುತ್ತದೆ. ಆದರೆ ದಿನಕ್ಕೊಮ್ಮೆ ಹತ್ತು ನಿಮಿಷ ಮನೆಯಲ್ಲಿ ಎಲ್ಲ ಸದ್ದನ್ನೂ ನಿಲ್ಲಿಸಿ ದೇವರ ಮುಂದೆ ಮೌನವಾಗಿ ಕುಳಿತುಕೊಳ್ಳುವುದು, ಮುನಿದ ನೆರೆಯವರ ಮನೆಗೆ ಮಬಿಯೋನರಂತೆ ತಾವಾಗಿಯೇ ನಡೆದುಹೋಗುವುದು, ದೇವಾಲಯದ ಅಂಗಳದ ಕಸವನ್ನು ಆಳಿಗಾಗಿ ಕಾಯದೆ ಗುಡಿಸುವುದು, ಇಷ್ಟು ಯಾರಿಗೂ ಅಸಾಧ್ಯವಲ್ಲ.

ಮುಂದಿನ ನೂರು ವರ್ಷಗಳಾದ ಮೇಲೆ ಈ ಪೀಠದ ಮುಂದೆ ಮೊಣಕಾಲೂರುವವರು ನಮ್ಮನ್ನು ಉಂಡುಹೋದವರೆಂದು ನೆನೆಯದೆ ಬಿತ್ತಿಹೋದವರೆಂದು ನೆನೆಯುವಂತಾಗಲಿ. ಅದಕ್ಕೆ ಬೇಕಾದ ಕೃಪೆಯನ್ನು ಪ್ರಭು ಯೇಸುಕ್ರಿಸ್ತರು, ತಮ್ಮ ಪವಿತ್ರ ಮಾತೆಯ ಬಿನ್ನಹದಿಂದ, ನಮ್ಮೆಲ್ಲರ ಕುಟುಂಬಗಳಿಗೆ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.